ಕೇಳಿದವರಿಗೆ ಒಂದು ಬೆಲೆ, ಕೇಳದವರಿಗೆ ಇನ್ನೊಂದು

ಹೋದ ಸಂಚಿಕೆಯಲ್ಲಿ ಆಂಪ್ಲಿಫಯರ್‌ಗೂ ಸ್ಪೀಕರ್‌ಗೂ ಇರಬೇಕಾದ ಹೊಂದಾಣಿಕೆಯ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ವ್ಯಾಟ್ಸ್, ಓಮ್ಸ್ ಕೇಳಿದವರು ನಾಲ್ಕೇ ಜನ. ಉಳಿದವರೆಲ್ಲ ಬೆಲೆ ಕೇಳಿದ್ದಾರೆ. ಅಂಗಡಿಯವರು ಎಷ್ಟು ಇಟ್ಟುಕೊಳ್ಳುತ್ತಾರೆ, ಎಷ್ಟು ಬಿಡುತ್ತಾರೆ, ನಾವು ಎಷ್ಟು ಕೇಳಬಹುದು? 2005ರಿಂದ 2023ರವರೆಗೆ ಬೆಂಗಳೂರಿನ ಒಂದು ಹೈ-ಫೈ ಷೋರೂಮಿನಲ್ಲಿ ಬಿಲ್ಲು ಬರೆದವಳು ನಾನು. ಮಾಲು ಬಂದಾಗ ಖರೀದಿ ಬಿಲ್ಲು, ಹೋದಾಗ ಮಾರಾಟದ ಬಿಲ್ಲು, ಎರಡೂ ನನ್ನ ಮೇಜಿನ ಮೇಲೇ ಹಾದು ಹೋಗುತ್ತಿದ್ದವು. ಆದ್ದರಿಂದ ಈ ಸಲ ಪೂರ್ತಿ ಅಂಕಣ ಇದಕ್ಕೇ.

ಹಿಂದೂಸ್ತಾನಿ ಗಾಯನ ಕೇಳಲು ಒಂದು ಲಕ್ಷ ರೂಪಾಯಿ ಎಂಆರ್‌ಪಿಯ ಒಂದು ಜೊತೆ ಸ್ಪೀಕರ್ ಆರಿಸಿಕೊಂಡಿದ್ದೇನೆ. ಬೆಂಗಳೂರಿನ ಅಂಗಡಿಯವರು 10 ಪರ್ಸೆಂಟ್ ಬಿಡುತ್ತೇವೆ ಅನ್ನುತ್ತಾರೆ. ನನ್ನ ಅಳಿಯ, "ಅವರಿಗೆ ಅರ್ಧಕ್ಕರ್ಧ ಲಾಭ ಐತಿ, ಇನ್ನೂ ಜಗ್ಗ್ರಿ" ಅಂತಾನೆ. ಯಾವುದು ಖರೆ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ

ಸರ್, ನೀವು ಬ್ಯಾಂಕಿನವರು, ಲೆಕ್ಕವನ್ನೇ ಮುಂದಿಡುತ್ತೇನೆ. ಮೊದಲು ಒಂದು ಗೊಂದಲ ಬಿಡಿಸಬೇಕು. 60 ರೂಪಾಯಿಗೆ ತಂದ ಮಾಲನ್ನು 100ಕ್ಕೆ ಮಾರಿದರೆ ಅಸಲಿನ ಮೇಲೆ ಏರಿಸಿದ್ದು 66 ಪರ್ಸೆಂಟಿಗೂ ಮೇಲಾಯಿತು. ಮಾರಿದ ಬೆಲೆಯಲ್ಲಿ ಅಂಗಡಿಗೆ ಉಳಿದದ್ದು 40 ಪರ್ಸೆಂಟ್. ಎರಡೂ ಒಂದೇ 40 ರೂಪಾಯಿ. ಏರಿಕೆಯ ಲೆಕ್ಕವನ್ನು ಉಳಿಕೆಯ ಲೆಕ್ಕ ಅಂದುಕೊಂಡು ಎಷ್ಟೋ ಜನ ಅಂಗಡಿಗೆ ಬಂದು ಜಗಳ ತೆಗೆದದ್ದನ್ನು ನೋಡಿದ್ದೇನೆ. ಅಮೆರಿಕದಲ್ಲಿ ಈ ವ್ಯಾಪಾರದಲ್ಲಿ ಅಂಗಡಿಗೆ ನೂರಕ್ಕೆ ನಲವತ್ತರ ಆಸುಪಾಸು ಉಳಿಯುವುದು ರೂಢಿ. ಅಳಿಯಂದಿರು ಕೇಳಿರುವುದು ಬಹುಶಃ ಆ ಲೆಕ್ಕ. ನಮ್ಮಲ್ಲಿ ತಯಾರಕರಿಗೂ ಅಂಗಡಿಗೂ ನಡುವೆ ಆಮದುದಾರರು ಇರುತ್ತಾರೆ. ಕಸ್ಟಮ್ಸ್ ಸುಂಕ, ಹಡಗಿನ ಬಾಡಿಗೆ, ಗೋದಾಮು, ವಾರಂಟಿಯ ಹೊಣೆ ಎಲ್ಲ ಅವರದು. ಅವರ ಪಾಲು ಮೊದಲೇ ಕಳೆದುಹೋಗುತ್ತದೆ.

ನನ್ನ ಕೈಯಲ್ಲಿ ಹಾದುಹೋದ ಖರೀದಿ ಬಿಲ್ಲುಗಳಲ್ಲಿ, ತೆರಿಗೆ ತೆಗೆದ ಮಾರಾಟದ ಬೆಲೆಯಲ್ಲಿ ಅಂಗಡಿಯ ಉಳಿಕೆ ಸ್ಪೀಕರಿಗೆ ಸುಮಾರು 25 ಪರ್ಸೆಂಟ್, ಆಂಪ್ಲಿಫಯರಿಗೆ ಇನ್ನೂ ಕಡಿಮೆ, ಕೇಬಲ್ಲಿಗೆ 40ರ ಮೇಲೆ ಇರುತ್ತಿತ್ತು. ಬೇರೆ ಅಂಗಡಿ, ಬೇರೆ ಬ್ರ್ಯಾಂಡಿಗೆ ಬೇರೆ ಲೆಕ್ಕ ಇದ್ದೀತು. ಸ್ಪೀಕರಿನ 25ನ್ನೇ ಹಿಡಿಯೋಣ. ನಿಮ್ಮ ಒಂದು ಲಕ್ಷದೊಳಗೆ 18 ಪರ್ಸೆಂಟ್ ಜಿಎಸ್‌ಟಿ ಅಡಗಿದೆ. ಅದನ್ನು ತೆಗೆದರೆ ಮಾಲಿನ ಬೆಲೆ 84,746 ರೂಪಾಯಿ. ಅದರಲ್ಲಿ ಅಂಗಡಿಯ ಅಸಲು 63,560, ಉಳಿಕೆ 21,186. ಈಗ ನಿಮಗೆ 10 ಪರ್ಸೆಂಟ್ ಬಿಟ್ಟು 90,000ಕ್ಕೆ ಕೊಟ್ಟರು ಅನ್ನಿ. ತೆರಿಗೆ ತೆಗೆದರೆ 76,271. ಅಂಗಡಿಗೆ ಉಳಿಯುವುದು 12,711. ಎಂಆರ್‌ಪಿಯಲ್ಲಿ ಹತ್ತು ಪರ್ಸೆಂಟ್ ಹೋದರೆ ಅಂಗಡಿಯ ಉಳಿಕೆಯಲ್ಲಿ ನಲವತ್ತು ಪರ್ಸೆಂಟ್ ಹೋಯಿತು. 15 ಬಿಟ್ಟರೆ ಉಳಿಯುವುದು 8,474. 20 ಬಿಟ್ಟರೆ 4,237. 25 ಬಿಟ್ಟರೆ ಅಸಲಿಗೆ ಅಸಲು.

ಆ 12,711ರಲ್ಲಿ ಬಾಡಿಗೆ, ಸಂಬಳ, ಕರೆಂಟು, ಕಾರ್ಡ್ ಉಜ್ಜಿದರೆ ಬ್ಯಾಂಕಿನ ಕಮಿಷನ್, ಎಲ್ಲ ನಡೆಯಬೇಕು. ನಮ್ಮಲ್ಲಿ ಹದಿನಾಲ್ಕಡಿಗೆ ಹದಿನೆಂಟಡಿಯ ಒಂದು ಕೋಣೆ ಬರೀ ಕೇಳಿಸಲಿಕ್ಕೇ ಇತ್ತು. ಗೋಡೆಗೆ ಬಟ್ಟೆ ಹೊದಿಸಿದ ಹಲಗೆ, ನೆಲಕ್ಕೆ ದಪ್ಪ ಜಮಖಾನ, ಆರು ಜೊತೆ ಸ್ಪೀಕರ್. ಡೆಮೊಗೆ ಇಟ್ಟ ಆ ಆರು ಜೊತೆಯ ದುಡ್ಡು ವರ್ಷಗಟ್ಟಲೆ ಅಲ್ಲೇ ಕೂತಿರುತ್ತಿತ್ತು, ಕೊನೆಗೆ ಅಸಲಿಗಿಂತ ಕಡಿಮೆಗೆ ಹೋಗುತ್ತಿತ್ತು. ಇದನ್ನೆಲ್ಲ ಹೇಳುವುದು ಅಂಗಡಿಯವರ ಪರ ವಕಾಲತ್ತಿಗಲ್ಲ. ಎಲ್ಲಿಯವರೆಗೆ ಜಗ್ಗಿದರೆ ಹಗ್ಗ ಬರುತ್ತದೆ, ಎಲ್ಲಿ ಹರಿಯುತ್ತದೆ ಅಂತ ನಿಮಗೆ ಗೊತ್ತಿರಲಿ ಅಂತ.

ನಿಮ್ಮ ಜಾಗದಲ್ಲಿ ನಾನಿದ್ದರೆ 15 ಕೇಳಿ 12ಕ್ಕೆ ಒಪ್ಪುತ್ತಿದ್ದೆ. ಜೊತೆಗೆ ಧಾರವಾಡದ ಮನೆಯವರೆಗೆ ಸಾಗಣೆ ಅವರ ಖರ್ಚು, ದಾರಿಯಲ್ಲಿ ಪೆಟ್ಟಾದರೆ ಬದಲಿ ಕೊಡುವ ಹೊಣೆ ಅವರದು ಅಂತ ಬಿಲ್ಲಿನ ಮೇಲೇ ಬರೆಸಿಕೊಳ್ಳುತ್ತಿದ್ದೆ. ಬೆಂಗಳೂರಿನಿಂದ ಬರುವ ಲಾರಿ ಸಾಮಾನಿಗೆ ಆ ಒಂದು ಸಾಲು, ಇನ್ನೆರಡು ಪರ್ಸೆಂಟ್ ಡಿಸ್ಕೌಂಟಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನನಗೆ 8 ಪರ್ಸೆಂಟ್ ಬಿಟ್ಟ ಅಂಗಡಿ, ಅದೇ ವಾರ ಅದೇ ಮಾಡೆಲ್ಲಿಗೆ ನನ್ನ ಆಫೀಸಿನ ಗೆಳೆಯನಿಗೆ 18 ಬಿಟ್ಟಿದೆ. ಇದು ಮೋಸ ಅಲ್ಲವೇ? ದೂರು ಕೊಡಬಹುದೇ?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಕಾನೂನಿನ ಮಟ್ಟಿಗೆ ದೂರಿಗೆ ಜಾಗವಿಲ್ಲ. ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಂಡರೆ ತಪ್ಪು. ಅದರ ಕೆಳಗೆ ಯಾರಿಗೆ ಎಷ್ಟಕ್ಕೆ ಕೊಡುತ್ತಾರೆ ಅನ್ನುವುದು ಅವರಿಗೆ ಬಿಟ್ಟದ್ದು. ನಿಮ್ಮ ಹೊಟ್ಟೆ ಉರಿ ಮಾತ್ರ ನನಗೆ ಪೂರ್ತಿ ಅರ್ಥವಾಗುತ್ತದೆ. ಅದಕ್ಕೆ ಕಾರಣ ಹೇಳುತ್ತೇನೆ.

2018ರ ಡಿಸೆಂಬರ್. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತುಮಕೂರಿನಿಂದ ಬಸ್ಸಿನಲ್ಲಿ ಒಬ್ಬರು ಹಾರ್ಮೋನಿಯಂ ಮೇಷ್ಟ್ರು ಬಂದರು. ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತರಾದವರು. ಅದಕ್ಕೂ ಹಿಂದೆ ಎರಡು ಸಲ ಬಂದು ಕೇಳಿ ಹೋಗಿದ್ದರು. ಅವತ್ತು ಕೊಳ್ಳಲೆಂದೇ ಬಂದದ್ದು. ಬಟ್ಟೆಯ ಕೈಚೀಲದೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಬ್ಯಾಂಕಿನ ಲಕೋಟೆ. ಎಂಆರ್‌ಪಿ 1,72,000. ಮೇಷ್ಟ್ರು ಬೆರಳು ಒದ್ದೆ ಮಾಡಿಕೊಂಡು ಅಷ್ಟನ್ನೂ ಎಣಿಸಿ ನನ್ನ ಮೇಜಿನ ಮೇಲಿಟ್ಟು, "ಸರಿ ಇದೆಯಾ ನೋಡಮ್ಮ" ಅಂದರು. ಬೆಲೆ ಕಡಿಮೆ ಮಾಡಿ ಅಂತ ಒಂದು ಮಾತು ಕೇಳಲಿಲ್ಲ. ದೊಡ್ಡ ಅಂಗಡಿ, ಬೋರ್ಡಿನ ಮೇಲೆ ಬರೆದ ಬೆಲೆ, ಕೇಳುವುದು ಮರ್ಯಾದೆ ಅಲ್ಲ ಅಂದುಕೊಂಡಿರಬೇಕು. ಸೇಲ್ಸ್ ಹುಡುಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಬಿಲ್ಲು ಬರೆದೆ. ಅದೇ ಮಧ್ಯಾಹ್ನ ಮೂರಕ್ಕೆ ಇನ್ನೊಬ್ಬರು ಬಂದರು. ಇಪ್ಪತ್ತು ನಿಮಿಷ ಮಾತಾಡಿದರು, ಎರಡು ಸಲ ಎದ್ದು ಬಾಗಿಲವರೆಗೂ ಹೋದರು. ಅದೇ ಮಾಡೆಲ್ಲು, ಅದೇ ಬಣ್ಣ, 1,41,000ಕ್ಕೆ ಒಯ್ದರು. ಒಂದೇ ದಿನ, ಒಂದೇ ಬಿಲ್ ಪುಸ್ತಕ, ನಡುವೆ ಎರಡು ಹಾಳೆ, ವ್ಯತ್ಯಾಸ 31,000 ರೂಪಾಯಿ. ಸಂಜೆ ಮಾಲೀಕರಿಗೆ ಹೇಳಿದೆ. "ಅವರು ಕೇಳಲಿಲ್ಲವಲ್ಲಮ್ಮ" ಅಂದರು. ಬೆಳಿಗ್ಗೆಯೇ ನಾನೊಂದು ಮಾತು ಆಡಬಹುದಿತ್ತು, ಆಡಲಿಲ್ಲ. ಅದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಈ ಅಂಕಣ ಬರೆಯಲು ಒಪ್ಪಿಕೊಂಡದ್ದಕ್ಕೆ ಮೇಷ್ಟ್ರೂ ಒಂದು ಕಾರಣ.

ಹಾಗಾಗಿ ಓದುಗರಲ್ಲಿ ನನ್ನ ಮೊದಲ ವಿನಂತಿ: ದಯವಿಟ್ಟು ಕೇಳಿ. ಸಂತೆಯಲ್ಲಿ ಸೊಪ್ಪಿಗೆ ಕೊಸರು ಕೇಳುವ ನಾವು, ಲಕ್ಷ ರೂಪಾಯಿ ಎಣಿಸುವಾಗ ಬಾಯಿ ಮುಚ್ಚಿಕೊಳ್ಳುತ್ತೇವೆ. ಜಗಳ ಬೇಡ, ನಾಟಕವೂ ಬೇಡ. "ನಾನು ತೆಗೆದುಕೊಳ್ಳುವುದು ನಿಶ್ಚಯ. ನಿಮ್ಮ ಕೊನೆಯ ಬೆಲೆಯನ್ನು ಕೊಟೇಶನ್ ಹಾಳೆಯಲ್ಲಿ ಬರೆದು ಕೊಡಿ" ಅನ್ನಿ, ಸಾಕು. ಬಾಯಲ್ಲಿ ಹೇಳಿದ ಬೆಲೆಗೂ ಹಾಳೆಯಲ್ಲಿ ಬರೆದ ಬೆಲೆಗೂ ಎಷ್ಟೋ ಸಲ ಐದು ಪರ್ಸೆಂಟ್ ವ್ಯತ್ಯಾಸ ಆಗುತ್ತಿತ್ತು. ನಿಮ್ಮ ಗೆಳೆಯರಿಗೆ ಹೆಚ್ಚು ಸಿಕ್ಕಿದ್ದಕ್ಕೆ ಬೇರೆ ಕಾರಣವೂ ಇರಬಹುದು. ತಿಂಗಳ ಕೊನೆ ಅಥವಾ ಮಾರ್ಚ್ ಕೊನೆಯಲ್ಲಿ ಆಮದುದಾರರು ಕೊಟ್ಟ ಗುರಿ ಮುಟ್ಟಲು ಒಂದೇ ಒಂದು ಜೊತೆ ಬಾಕಿ ಇದ್ದರೆ, ಆ ಜೊತೆಯನ್ನು ಅಸಲಿಗೇ ಬಿಟ್ಟದ್ದನ್ನು ಕಂಡಿದ್ದೇನೆ. ಗುರಿ ಮುಟ್ಟಿದರೆ ಬರುವ ಸ್ಕೀಮಿನ ಹಣ ಆ ನಷ್ಟವನ್ನು ತುಂಬಿಕೊಡುತ್ತಿತ್ತು.

"ಕಂಪನಿಯವರು ಡಿಸ್ಕೌಂಟ್ ಕೊಡಲು ಬಿಡುವುದಿಲ್ಲ, ಕೊಟ್ಟರೆ ನಮ್ಮ ಡೀಲರ್‌ಶಿಪ್ಪೇ ಹೋಗುತ್ತದೆ" ಎಂದರು. ನಿಜವೇ, ನೆಪವೇ?
– ವೈದ್ಯೆ, ಮೈಸೂರು

ಎರಡೂ ಇರುತ್ತದೆ ಮೇಡಂ. ಬೆಲೆ ಇಳಿಸಿದರೆ ಬ್ರ್ಯಾಂಡಿನ ಹೆಸರು ಇಳಿಯುತ್ತದೆ ಅಂತ ಅಂಜುವ ತಯಾರಕರು ಇದ್ದಾರೆ. "ಬೋರ್ಡಿನಲ್ಲಿ, ಜಾಹೀರಾತಿನಲ್ಲಿ ಕಡಿಮೆ ಬೆಲೆ ಹಾಕಬೇಡಿ" ಅಂತ ಡೀಲರುಗಳಿಗೆ ತಾಕೀತು ಮಾಡುವುದು ನಡೆದೇ ಇದೆ. ಅಂಥ ಕಡೆ ಜಾಹೀರಾತಿನಲ್ಲಿ ಪೂರ್ತಿ ಬೆಲೆ ಇರುತ್ತದೆ, ಎದುರಿಗೆ ಕೂತು ಕೇಳಿದರೆ ಇಳಿಯುತ್ತದೆ. ಕೆಲವರು ಅದಕ್ಕೂ ಮುಂದೆ ಹೋಗಿ, ಮಾರುವ ಬೆಲೆಯನ್ನೇ ಕಟ್ಟಿಹಾಕಲು ನೋಡುತ್ತಾರೆ.

ಯುರೋಪಿನಲ್ಲಿ ಇದಕ್ಕೆ ದೊಡ್ಡ ದಂಡ ಬಿದ್ದದ್ದು 2018ರ ಜುಲೈನಲ್ಲಿ. ಆಸುಸ್, ಫಿಲಿಪ್ಸ್, ಪಯೊನೀರ್, ಮತ್ತು ಡೆನಾನ್ ಅಂಡ್ ಮರಾಂಟ್ಜ್ ಈ ನಾಲ್ಕಕ್ಕೂ ಸೇರಿ ಯುರೋಪಿಯನ್ ಕಮಿಷನ್ 11 ಕೋಟಿ ಯೂರೋ ಮೀರಿದ ದಂಡ ಹಾಕಿತು. ಆನ್‌ಲೈನ್ ಅಂಗಡಿಗಳು ಬೆಲೆ ಇಳಿಸಿದಾಗ, ಏರಿಸಿ, ಇಲ್ಲವಾದರೆ ಮಾಲು ನಿಲ್ಲಿಸುತ್ತೇವೆ ಅಂತ ಒತ್ತಡ ಹೇರಿದ್ದೇ ತಪ್ಪು. ಮರಾಂಟ್ಜ್, ಡೆನಾನ್ ನಮ್ಮ ಓದುಗರಲ್ಲಿ ಎಷ್ಟೋ ಜನರ ಮನೆಯಲ್ಲಿರುವ ಹೆಸರು, ಅದಕ್ಕೇ ಹೇಳಿದೆ. ಅಮೆರಿಕದಲ್ಲಿ ಗಾಳಿ ಬೇರೆ ಕಡೆ ಬೀಸಿತು. 1911ರಿಂದ ಇಂಥ ಬೆಲೆ ಕಟ್ಟು ಅಲ್ಲಿ ಸಾರಾಸಗಟಾಗಿ ಅಕ್ರಮವಾಗಿತ್ತು. 2007ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ತೀರ್ಪಿನಲ್ಲಿ ಅದನ್ನು ಸಡಿಲಿಸಿ, ಒಂದೊಂದು ಪ್ರಕರಣವನ್ನೂ ಪ್ರತ್ಯೇಕವಾಗಿ ತೂಗಿ ನೋಡಬೇಕು ಎಂದಿತು.

ನಮ್ಮ ದೇಶದ ಸ್ಪರ್ಧಾ ಕಾಯ್ದೆ, 2002ರ ಮೂರನೇ ಸೆಕ್ಷನ್ ಕೂಡ ಇದನ್ನು ತಡೆಯುತ್ತದೆ, ಆದರೆ ಮಾರುಕಟ್ಟೆಯ ಪೈಪೋಟಿಗೆ ಗಣನೀಯ ಪೆಟ್ಟು ಬಿದ್ದಿದೆ ಅಥವಾ ಬೀಳುವ ಸಂಭವ ಇದೆ ಅಂತ ತೋರಿಸಬೇಕು. ಡೀಲರುಗಳ ಡಿಸ್ಕೌಂಟಿಗೆ ಮಿತಿ ಹಾಕಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2021ರ ಆಗಸ್ಟಿನಲ್ಲಿ ಮಾರುತಿ ಸುಜುಕಿಗೆ 200 ಕೋಟಿ ದಂಡ ವಿಧಿಸಿತ್ತು. ಕಂಪನಿ ಮೇಲ್ಮನವಿ ಹೋಯಿತು. ಆ ಪ್ರಕರಣದ ವಿವರ ಓದಿದಾಗ ನನಗೆ ನಮ್ಮ ಷೋರೂಮೇ ಕಣ್ಣಿಗೆ ಬಂತು. ಗಿರಾಕಿಯ ವೇಷದಲ್ಲಿ ಜನರನ್ನು ಕಳಿಸಿ, ಡೀಲರು ಮಿತಿ ಮೀರಿ ಬಿಡುತ್ತಾನಾ ಅಂತ ಪರೀಕ್ಷಿಸುತ್ತಿದ್ದರಂತೆ. ನಮ್ಮಲ್ಲೂ ಅಂಥ ಅನುಮಾನದ ಫೋನುಗಳು ಬರುತ್ತಿದ್ದವು. "ಎಷ್ಟು ಬಿಡ್ತೀರಾ" ಅಂತ ಹೊಸ ನಂಬರಿನಿಂದ ಕೇಳಿದರೆ ಸೇಲ್ಸ್ ಹುಡುಗರು ಎಂಆರ್‌ಪಿ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ.

ಆದ್ದರಿಂದ ಫೋನಿನಲ್ಲಿ ಚೌಕಾಸಿ ಮಾಡಬೇಡಿ, ಹೋಗಿ ಕೂತು ಮಾತಾಡಿ. ಬೆಲೆ ಇಳಿಸಲು ನಿಜವಾಗಿಯೂ ಆಗದಿದ್ದರೆ ಸ್ಟ್ಯಾಂಡು, ಕೇಬಲ್ಲು, ಮನೆಗೆ ಬಂದು ಜೋಡಿಸಿ ಕೊಡುವುದು, ಎರಡು ವರ್ಷದೊಳಗೆ ದೊಡ್ಡ ಮಾಡೆಲ್ಲಿಗೆ ಬದಲಾಯಿಸಿದರೆ ಇದಕ್ಕೆ ಇಂತಿಷ್ಟು ಎಕ್ಸ್‌ಚೇಂಜ್ ಬೆಲೆ ಎಂಬ ಬರಹ, ಇವುಗಳನ್ನು ಕೇಳಿ. ಇದಕ್ಕೆ ಕಂಪನಿಯವರು ಅಡ್ಡ ಬರುವುದು ಕಡಿಮೆ.

ನನ್ನ ಮೈದುನ ಅಮೆರಿಕದ ಡಲ್ಲಾಸ್‌ನಿಂದ ಬರುತ್ತಿದ್ದಾರೆ. ಆಂಪ್ಲಿಫಯರ್, ಟರ್ನ್‌ಟೇಬಲ್ (ಗ್ರಾಮಫೋನ್ ರೆಕಾರ್ಡ್ ನುಡಿಸುವ ಯಂತ್ರ), ಒಂದು ಜೊತೆ ಸಣ್ಣ ಸ್ಪೀಕರ್ ಅಲ್ಲಿಂದಲೇ ತರಿಸಿದರೆ ಇಲ್ಲಿಗಿಂತ ಮೂರನೇ ಒಂದು ಭಾಗ ಕಡಿಮೆ ಬೀಳುತ್ತದೆ ಅನ್ನುತ್ತಾರೆ. ತರಿಸಲೇ?
– ಗೃಹಿಣಿ, ಕಲಬುರಗಿ

ಸ್ಪೀಕರ್ ತರಿಸಬಹುದು, ಉಳಿದೆರಡು ಬೇಡ ಅಮ್ಮ.

ಅಲ್ಲಿ ಗೋಡೆಯ ಸಾಕೆಟ್ಟಿನಲ್ಲಿ ಬರುವುದು 120 ವೋಲ್ಟ್, 60 ಹರ್ಟ್ಸ್, ಅಂದರೆ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡಿಯುತ್ತದೆ. ಇಲ್ಲಿ 230 ವೋಲ್ಟ್, 50 ಹರ್ಟ್ಸ್. 120 ವೋಲ್ಟಿಗೆಂದೇ ಮಾಡಿದ, ಹಿಂಬದಿಯಲ್ಲಿ ವೋಲ್ಟೇಜ್ ಬದಲಿಸುವ ಸ್ವಿಚ್ ಇಲ್ಲದ ಆಂಪ್ಲಿಫಯರನ್ನು ಇಲ್ಲಿ ನೇರ ಹಾಕಿದರೆ ಅವತ್ತೇ ಸುಟ್ಟಿತು. ಇಳಿಸುವ ಟ್ರಾನ್ಸ್‌ಫಾರ್ಮರ್ ಕೊಂಡರೆ ಅದೇ ಹತ್ತು ಕಿಲೋ ಭಾರದ, ಗುಂಯ್ ಅನ್ನುವ ಇನ್ನೊಂದು ಪೆಟ್ಟಿಗೆ.

ಟರ್ನ್‌ಟೇಬಲ್ಲಿನ ಕಥೆ ಇನ್ನೂ ವಿಚಿತ್ರ. ಕರೆಂಟಿನ ಹರ್ಟ್ಸ್ ಹಿಡಿದು ಓಡುವ ಎಸಿ ಮೋಟಾರಿನ ಟರ್ನ್‌ಟೇಬಲ್ ಆಗಿದ್ದರೆ, ಟ್ರಾನ್ಸ್‌ಫಾರ್ಮರ್ ಹಾಕಿದರೂ ವೇಗ ಸರಿಯಾಗುವುದಿಲ್ಲ. 60ರ ಜಾಗದಲ್ಲಿ 50 ಸಿಕ್ಕರೆ, ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತಬೇಕಾದ ತಟ್ಟೆ ಇಪ್ಪತ್ತೆಂಟೂ ಸುತ್ತುವುದಿಲ್ಲ. ಶ್ರುತಿ ಹಾರ್ಮೋನಿಯಂನ ಮೂರು ಮನೆ ಕೆಳಗೆ ಬೀಳುತ್ತದೆ. ಬಿಳಿ ಐದರಲ್ಲಿ ಹಾಡಿದವರು ಬಿಳಿ ಮೂರರಲ್ಲಿ, ನಿದ್ದೆಗಣ್ಣಿನಲ್ಲಿ ಹಾಡಿದಂತೆ ಕೇಳುತ್ತದೆ. ಒಮ್ಮೆ ಒಬ್ಬರು ಇಂಥದ್ದೇ ಯಂತ್ರ ಹಿಡಿದುಕೊಂಡು ನಮ್ಮಲ್ಲಿಗೆ ರಿಪೇರಿಗೆ ಬಂದಿದ್ದರು. ಅವರ ತಾಯಿ ಎರಡು ನಿಮಿಷ ಕೇಳಿ, "ಇದು ಅವರ ದನಿ ಅಲ್ಲ" ಅಂದಿದ್ದರಂತೆ. ಮೋಟಾರಿನ ರಾಟೆಯನ್ನು 50 ಹರ್ಟ್ಸಿನದಕ್ಕೆ ಬದಲಿಸಿದ ಮೇಲೆ ಸರಿಹೋಯಿತು. ಆ ರಾಟೆ ತರಿಸಲು ಎರಡೂವರೆ ತಿಂಗಳು ಹಿಡಿಯಿತು.

ಒಳಗೆ ಆಂಪ್ಲಿಫಯರ್ ಇಲ್ಲದ ಮಾಮೂಲಿ ಸ್ಪೀಕರಿಗೆ ವೋಲ್ಟೇಜಿನ ತಂಟೆ ಇಲ್ಲ. ಭಾರ ನೋಡಿಕೊಳ್ಳಿ. ಕೆಇಎಫ್ ಎಲ್‌ಎಸ್50 ಮೆಟಾದಂಥ ಪುಟ್ಟ ಸ್ಪೀಕರ್ ಕೂಡ ಒಂದೊಂದೂ ಏಳು ಕಿಲೋ ದಾಟುತ್ತದೆ. ಅಮೆರಿಕದ ಬೋರ್ಡಿನ ಬೆಲೆಯಲ್ಲಿ ಅಲ್ಲಿನ ಮಾರಾಟ ತೆರಿಗೆ ಸೇರಿರುವುದಿಲ್ಲ, ಟೆಕ್ಸಾಸಿನಲ್ಲಿ ಅದನ್ನು ಬೇರೆ ಕೊಡಬೇಕು. ವಿಮಾನ ನಿಲ್ದಾಣದಲ್ಲಿ ಮಿತಿ ಮೀರಿದ ಬೆಲೆಗೆ ಸುಂಕ ಬೀಳುತ್ತದೆ. ಬಿಲ್ಲು ಕೈಯಲ್ಲಿಟ್ಟುಕೊಂಡು, ಸುಂಕದ ಮಾಲು ಇರುವವರು ಹೋಗುವ ರೆಡ್ ಚಾನಲ್ಲಿನಲ್ಲಿ ಹೇಳಿಯೇ ಬರಲಿ. ಇವನ್ನೆಲ್ಲ ಕೂಡಿಸಿದ ಮೇಲೆ ಉಳಿಯುವ ವ್ಯತ್ಯಾಸ ಎಷ್ಟು ಅಂತ ನೋಡಿ. ಅಲ್ಲಿ ಕೊಂಡದ್ದಕ್ಕೆ ಇಲ್ಲಿನ ಆಮದುದಾರರು ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ ಅನ್ನುವುದೂ ಆ ಲೆಕ್ಕದಲ್ಲಿ ಸೇರಲಿ.

ಸ್ಪೀಕರ್ ಜೊತೆಗೆ 50,000 ರೂಪಾಯಿಯ ಕೇಬಲ್ಲನ್ನು "ನಿಮಗೆ ಮಾತ್ರ ಅರ್ಧ ಬೆಲೆ" ಎಂದು ಕೊಡುತ್ತಿದ್ದಾರೆ. ಬಿಡಬಾರದು ಅಂತ ಮಗ ಹಟ ಹಿಡಿದಿದ್ದಾನೆ.
– ಬಟ್ಟೆ ವ್ಯಾಪಾರಿ, ಹುಬ್ಬಳ್ಳಿ

ಬಿಡಿ. ಅರ್ಧ ಬೆಲೆಗೆ ಕೊಟ್ಟರೂ ಅಂಗಡಿಗೆ ನಷ್ಟವಾಗದೆ ಇರಬಹುದಾದ ಮಾಲು ಇದೊಂದೇ. ಮೊದಲ ಉತ್ತರದಲ್ಲಿ ಬರೆದ 40ರ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ, ಅದಕ್ಕೂ ಹೆಚ್ಚು ಇದ್ದ ಕೇಬಲ್ಲುಗಳ ಬಿಲ್ಲು ನಾನೇ ಫೈಲ್ ಮಾಡಿದ್ದೇನೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 2.5 ಚದರ ಮಿಲಿಮೀಟರಿನ ಒಳ್ಳೆಯ ತಾಮ್ರದ ವೈರು ಕರೆಂಟಿಗೆ ಒಡ್ಡುವ ತಡೆ ಮೀಟರಿಗೆ ಸುಮಾರು 0.008 ಓಮ್. ಮೂರು ಮೀಟರ್ ದೂರಕ್ಕೆ ಹೋಗಿ ಬರುವ ಎರಡೂ ಎಳೆ ಸೇರಿ ಆರು ಮೀಟರ್, ಅಂದರೆ 0.05 ಓಮ್‌ಗೂ ಕಡಿಮೆ. ನಿಮ್ಮ ಸ್ಪೀಕರ್ 8 ಓಮ್. ನೂರರಲ್ಲಿ ಒಂದು ಪಾಲೂ ಆಗಲಿಲ್ಲ. ಮಗನಿಗೆ ಹೇಳಿ: ಆ ಇಪ್ಪತ್ತೈದು ಸಾವಿರಕ್ಕೆ ಕೋಣೆಗೆ ದಪ್ಪ ಪರದೆ, ಜಮಖಾನ, ಗಟ್ಟಿ ಸ್ಟ್ಯಾಂಡ್ ತಂದರೆ ವ್ಯತ್ಯಾಸ ಅವನ ಅಜ್ಜಿಗೂ ಕೇಳಿಸುತ್ತದೆ. ಪರದೆ ಹೇಗೂ ನಿಮ್ಮ ಅಂಗಡಿಯದೇ.

ಡೆಮೊ ಪೀಸ್ 30 ಪರ್ಸೆಂಟ್ ಕಡಿಮೆಗೆ ಸಿಗುತ್ತಿದೆ. ಅದು ಹಳೆ ಮಾಡೆಲ್, ಹೊಸದು ಬಂದಿದೆ. ಕೊಳ್ಳಬಹುದೇ?
– ಉಪನ್ಯಾಸಕರು, ಶಿವಮೊಗ್ಗ

ಖಂಡಿತ ನೋಡಿ. ಸ್ಪೀಕರಿನ ಹಳೆ ಮಾಡೆಲ್ ರಾತ್ರೋರಾತ್ರಿ ಕೆಟ್ಟದಾಗುವುದಿಲ್ಲ. ಮೇಲೆ ಹೇಳಿದ ಎಲ್‌ಎಸ್50 ಬಂದದ್ದು 2012ರಲ್ಲಿ, ಅದರ ಮೆಟಾ ಆವೃತ್ತಿ 2020ರಲ್ಲಿ. ನಡುವೆ ಎಂಟು ವರ್ಷ. ಹೊಸದು ಬಂತು ಅಂದ ಕೂಡಲೇ ಹಳೆಯದರ ಬೆಲೆ ಬೀಳುತ್ತದೆ, ನಾದ ಬೀಳುವುದಿಲ್ಲ.

ಅಂಗಡಿಗೆ ಟಾರ್ಚ್ ಒಯ್ಯಿರಿ. ತಾರ ಸ್ವರಗಳನ್ನು ನುಡಿಸುವ ಮೇಲಿನ ಸಣ್ಣ ಟ್ವೀಟರಿನ ಗುಮ್ಮಟದ ಮೇಲೆ ಅಡ್ಡ ಬೆಳಕು ಬಿಟ್ಟು ನೋಡಿ. ಡೆಮೊ ಪೀಸಿಗೆ ಆಗುವ ಗಾಯ ಹೆಚ್ಚಾಗಿ ಅಲ್ಲೇ, ಮಕ್ಕಳು ಬೆರಳಿನಿಂದ ಒತ್ತಿರುತ್ತಾರೆ. ದೊಡ್ಡ ಕೋನಿನ ಸುತ್ತಲಿನ ರಬ್ಬರ್ ಅಂಚಿನಲ್ಲಿ ಬಿರುಕಿದೆಯೇ, ವೈರು ಸಿಕ್ಕಿಸುವ ಹಿಂದಿನ ಟರ್ಮಿನಲ್ ಅಲ್ಲಾಡುತ್ತದೆಯೇ ನೋಡಿ. ಎರಡೂ ಸ್ಪೀಕರಿನ ಸೀರಿಯಲ್ ನಂಬರ್ ಹೊಂದಬೇಕು. ಮೂಲ ಪೆಟ್ಟಿಗೆ ಮತ್ತು ಥರ್ಮೋಕೋಲ್ ಇರಬೇಕು, ನಾಳೆ ನೀವು ಮಾರುವಾಗ ಅದೇ ಬೆಲೆ ತರುತ್ತದೆ. ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರುವ ಚೀಟಿ ಇರಲೇಬೇಕು, ಕಾನೂನು ಮಾಪನ ನಿಯಮ ಅದನ್ನು ಕಡ್ಡಾಯ ಮಾಡಿದೆ. ಆ ಚೀಟಿ ಇಲ್ಲದಿದ್ದರೆ ಮಾಲು ಬೇರೆ ದಾರಿಯಲ್ಲಿ ಬಂದದ್ದು, ಕೈ ಹಾಕಬೇಡಿ. ವಾರಂಟಿ ನಿಮ್ಮ ಬಿಲ್ಲಿನ ತಾರೀಖಿನಿಂದ ಶುರು ಅಂತ ಬಿಲ್ಲಿನಲ್ಲೇ ಬರೆಸಿ. ನಮ್ಮಲ್ಲಿ ಇದನ್ನು ಬರೆಸಿಕೊಂಡವರು ಹತ್ತರಲ್ಲಿ ಒಬ್ಬರು. ಕೇಳಿದವರಿಗೆ ಇಲ್ಲ ಅಂದದ್ದು ನನಗೆ ನೆನಪಿಲ್ಲ.

"ಬಿಲ್ ಬೇಡ ಅಂದರೆ 18 ಪರ್ಸೆಂಟ್ ಉಳಿಯುತ್ತದೆ" ಅನ್ನುತ್ತಾರೆ.
– ಒಬ್ಬ ಓದುಗ, ದಾವಣಗೆರೆ

ಮೊದಲನೆಯದಾಗಿ ಉಳಿಯುವುದು 18 ಅಲ್ಲ, ಒಂದು ಲಕ್ಷದ ಮಾಲಿನಲ್ಲಿ ತೆರಿಗೆಯ ಪಾಲು 15,254. ಎರಡನೆಯದಾಗಿ ಬಿಲ್ಲಿಲ್ಲದೆ ವಾರಂಟಿ ಇಲ್ಲ. ಬಿಲ್ ಕೊಡದಿರುವುದನ್ನೂ, ದೋಷವಿರುವ ಮಾಲನ್ನು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವುದನ್ನೂ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಅನುಚಿತ ವ್ಯಾಪಾರ ಪದ್ಧತಿ ಎಂದೇ ಹೇಳಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೊಟ್ಟ ಬೆಲೆ ಐದು ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ. ಕೈಯಲ್ಲಿ ಬಿಲ್ಲಿದ್ದರೆ ಅಲ್ಲಿ ಅರ್ಧ ಕೆಲಸ ಮುಗಿದಂತೆ.

ಮೂರು ಶನಿವಾರ ಒಂದು ಅಂಗಡಿಯಲ್ಲಿ ಕೂತು ಕೇಳಿದೆ. ಕಾಫಿ ಕೊಟ್ಟರು, ನಾನು ತಂದ ಸಿ.ಡಿ.ಗಳನ್ನೇ ಹಾಕಿದರು. ಈಗ ಮುಂಬೈನ ಡೀಲರೊಬ್ಬರು ಅದೇ ಸ್ಪೀಕರನ್ನು 9,000 ಕಡಿಮೆಗೆ ಕಳಿಸುತ್ತಾರಂತೆ. ಮನಸ್ಸು ಒಪ್ಪುತ್ತಿಲ್ಲ.
– ವಕೀಲರು, ಬೆಂಗಳೂರು

ಒಪ್ಪದಿರುವ ಮನಸ್ಸು ಸರಿಯಾಗಿಯೇ ಇದೆ. ಕೇಳುವ ಕೋಣೆಯಲ್ಲಿ ಕೂತವರ ಹೆಸರು ಬರೆಯಲು ನಮ್ಮಲ್ಲಿ ಒಂದು ಪುಸ್ತಕ ಇತ್ತು. ನಾನು ಸೇರಿದಾಗ ಅದರಲ್ಲಿರುವ ಮೂವರಲ್ಲಿ ಒಬ್ಬರ ಹೆಸರಿನಲ್ಲಾದರೂ ಬಿಲ್ಲು ಬರೆಯುತ್ತಿದ್ದೆ. ಬಿಡುವ ಹೊತ್ತಿಗೆ ಎಂಟು ಹತ್ತು ಜನ ಕೇಳಿ ಹೋದರೆ ಒಂದು ಬಿಲ್ಲು. ಆ ಕೋಣೆಯನ್ನು ಈಗ ಮುಚ್ಚಿದ್ದಾರೆ. ಜಮಖಾನ ಎತ್ತಿದ್ದಾರೆ, ಅಲ್ಲಿ ಈಗ ಟಿ.ವಿ.ಗಳ ಖಾಲಿ ಪೆಟ್ಟಿಗೆಗಳಿವೆ.

ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. "ಮುಂಬೈಯಿಂದ 9,000 ಕಡಿಮೆಗೆ ಬರುತ್ತಿದೆ, ಕೊಟೇಶನ್ ಇಲ್ಲಿದೆ. ನಿಮ್ಮಲ್ಲೇ ತೆಗೆದುಕೊಳ್ಳಬೇಕು ಅಂತ ಆಸೆ. ಎಷ್ಟು ಹತ್ತಿರ ಬರಬಹುದು?" ಪೂರ್ತಿ ಸಮ ಮಾಡಲು ಅವರಿಗೆ ಆಗದೆ ಮೂರು ಸಾವಿರ ಅಂತರ ಉಳಿದರೂ ಅವರಲ್ಲೇ ಕೊಳ್ಳಿ ಅನ್ನುತ್ತೇನೆ. ಮೂರು ಶನಿವಾರಕ್ಕೆ ಅಷ್ಟು ಆಗುತ್ತದೆ. ಅವರು ಒಂದು ರೂಪಾಯಿಯೂ ಇಳಿಸದೆ ಮುಖ ತಿರುಗಿಸಿದರೆ ಮುಂಬೈಯಿಂದ ತರಿಸಿಕೊಳ್ಳಿ, ಆಗ ಮನಸ್ಸಿನ ಮೇಲೆ ಭಾರ ಇರುವುದಿಲ್ಲ.

ಹದಿನಾರು ವರ್ಷದಿಂದ ಆಡಿಯೊ ಅಂಗಡಿ ನಡೆಸುತ್ತಿದ್ದೇನೆ. ನೀವು ಜನರಿಗೆ ಚೌಕಾಸಿ ಕಲಿಸುತ್ತೀರಿ. ನಮ್ಮ ಕಷ್ಟ ಕೇಳುವವರು ಯಾರು?
– ಅಂಗಡಿ ಮಾಲೀಕರು, ಮಂಗಳೂರು

ಸರ್, ನಿಮ್ಮ ಪತ್ರ ಎರಡು ಸಲ ಓದಿದೆ. ಬೇಸರದಲ್ಲಿ ಬರೆದಿದ್ದೀರಿ, ಆ ಬೇಸರದಲ್ಲಿ ನ್ಯಾಯ ಇದೆ. ಕಡಲ ಗಾಳಿಗೆ ಡೆಮೊ ಪೀಸುಗಳ ಟರ್ಮಿನಲ್ ಕಿಲುಬು ಹಿಡಿಯುತ್ತದೆ, ವರ್ಷಕ್ಕೆರಡು ಸಲ ಬಿಚ್ಚಿ ಒರೆಸಬೇಕು ಅಂತ ಬರೆದಿದ್ದೀರಲ್ಲ, ಆ ಕೆಲಸಕ್ಕೆ ಯಾರೂ ದುಡ್ಡು ಕೊಡುವುದಿಲ್ಲ ಅಂತ ನನಗೆ ಗೊತ್ತು.

ಎರಡು ವಿಷಯ ಯೋಚಿಸಿ ನೋಡಿ. ಒಂದು, ಕೇಳುವ ಕೋಣೆಗೆ ಗಂಟೆಗೆ ಇಂತಿಷ್ಟು ಅಂತ ಶುಲ್ಕ ಇಡಿ, ಕೊಂಡವರ ಬಿಲ್ಲಿನಲ್ಲಿ ಅದನ್ನು ಕಳೆಯಿರಿ. ಕೊಡುವ ಮನಸ್ಸಿರುವ ಜನ ಇದ್ದಾರೆ, ಮೇಲಿನ ವಕೀಲರ ಪತ್ರವನ್ನೇ ನೋಡಿ. ಇನ್ನೊಂದು, ನಿಮಗೆ ಗಿಟ್ಟುವ ಬೆಲೆಯನ್ನು ಮೊದಲೇ ಚೀಟಿಯ ಮೇಲೆ ಬರೆದು ಅಂಟಿಸಿ, ಎಂಆರ್‌ಪಿಯ ಪಕ್ಕದಲ್ಲೇ. ಅವತ್ತು ಬಂದವರಿಗೆಲ್ಲ ಅದೇ ಬೆಲೆ. ಆಗ ನಿಮ್ಮ ಹುಡುಗರು ಇಪ್ಪತ್ತು ನಿಮಿಷ ಜಗ್ಗಾಡುವ ಬದಲು ಆ ಹೊತ್ತಿನಲ್ಲಿ ಇನ್ನೊಂದು ಹಾಡು ಕೇಳಿಸಬಹುದು. ತುಮಕೂರಿನಿಂದ ಬಸ್ಸು ಹತ್ತಿ ಬಂದು, ಕೇಳಲು ಸಂಕೋಚಪಟ್ಟುಕೊಂಡು, ಬೆರಳು ಒದ್ದೆ ಮಾಡಿಕೊಂಡು ಎಣಿಸುವವರಿಗೂ ಮೂರು ಗಂಟೆಗೆ ಬಂದವರ ಬೆಲೆಯೇ ಸಿಗುತ್ತದೆ.

ಬರುವ ತಿಂಗಳು ಅಕ್ಕನ ಮನೆಗೆ ಮಂಗಳೂರಿಗೆ ಬರುವುದಿದೆ. ನಿಮ್ಮ ಕೋಣೆಯಲ್ಲಿ ಒಂದು ಗಂಟೆ ಕೂತು ಕೇಳುವ ಆಸೆ ನನಗಿದೆ, ಶುಲ್ಕ ಕೊಟ್ಟೇ ಕೇಳುತ್ತೇನೆ.